ಹಳೆಯ ಗಾಡಿಗೆ ಬಣ್ಣ ದಂಡವೇ?

ಮಾರುತಿ 800ರ ತಯಾರಿಕೆ 2014ರಲ್ಲೇ ನಿಂತಿತು. ಅರಭಾವಿ, ಗೋಕಾಕ, ಮೂಡಲಗಿಯ ಕಡೆ ಅದಿನ್ನೂ ಸಂತೆಗೆ, ಆಸ್ಪತ್ರೆಗೆ ಓಡುತ್ತಿದೆ. ಅದಕ್ಕೆ ಬಣ್ಣ ಹಚ್ಚಿಸೋಣವೆಂದರೆ ಬುದ್ಧಿವಂತರ ಉತ್ತರ ಒಂದೇ: 'ಮಾರಿದರ ಬಣ್ಣದ ರೊಕ್ಕಾನೂ ಬರೂದಿಲ್ಲ.' ಮಾರುತ್ತೇವೆಂದು ಹೇಳಿದವರಾರು? ಕಾರಹುಣ್ಣಿಮೆಗೆ ಎತ್ತಿನ ಕೊಂಬಿಗೆ ಬಣ್ಣ ಹಚ್ಚುವಾಗ ಸಂತೆಯ ದರ ಕೇಳುತ್ತೇವೆಯೇ?

ಹಾಗೆಂದು ಇಡೀ ಗಾಡಿಯನ್ನು ಮಿಂಚಿಸಬೇಕಿಲ್ಲ. ಬಿಸಿಲಿಗೆ ಮಾಸಿದ ಬಾನೆಟ್ಟು ವಯಸ್ಸಿನ ಗುರುತು, ಇರಲಿ. ಆದರೆ ಬಣ್ಣ ಎದ್ದು ತಗಡು ಕಂಡಲ್ಲಿ ನೀರು, ಗಾಳಿ ತಾಗಿ ಜಂಗು ಒಳಗೊಳಗೇ ಹರಡುತ್ತದೆ. ಅಲ್ಲಿ ಉಜ್ಜಿ, ಪ್ರೈಮರ್ ಹೊಡೆದು, ಬಣ್ಣ ಹಚ್ಚಲೇಬೇಕು. ಅದು ಶೋಕಿಯಲ್ಲ, ಆರೈಕೆ.

ಓಡುವ ಗಾಡಿಯನ್ನೂ ಮಾರುವ ಕಣ್ಣಿನಿಂದಲೇ ನೋಡುವವರು, ನಾಳೆ ದುಡಿಯಲಾಗದ ಮನೆಯ ಹಿರಿಯರನ್ನೂ ಹಾಗೆಯೇ ನೋಡಿಯಾರು.