ಸೌರದೀಪದ ಡಬ್ಬಿಯೂ ನಮ್ಮ ಅಲಕ್ಷ್ಯವೂ

ಜಾತ್ರೆಯಲ್ಲಿ ಎತ್ತು ಕೊಳ್ಳುವಾಗ ನಾವು ಸುಮ್ಮನೆ ಹಣ ಎಣಿಸಿ ಕೊಡುವುದಿಲ್ಲ. ಬಾಯಿ ತೆರೆದು ಹಲ್ಲು ನೋಡುತ್ತೇವೆ, ಸುಳಿ ನೋಡುತ್ತೇವೆ, ನಾಲ್ಕು ಹೆಜ್ಜೆ ನಡೆಸುತ್ತೇವೆ, ಯಾವ ಊರಿನದು, ಯಾರ ಮನೆಯಲ್ಲಿ ಬೆಳೆದುದು ಎಂದು ವಿಚಾರಿಸುತ್ತೇವೆ. ಆದರೆ ಮನೆಗೆ ಸೌರದೀಪ ಹಾಕಿಸುವಾಗ ಈ ಜಾಣತನವೆಲ್ಲ ಎಲ್ಲಿ ಹೋಗುತ್ತದೆಯೋ ತಿಳಿಯದು. ಪ್ಲೇಟು ಎಷ್ಟು ವ್ಯಾಟಿನದು ಎಂದು ಕೇಳುತ್ತೇವೆ, ಬ್ಯಾಟರಿಗೆ ಎಷ್ಟು ಹಣ ಎಂದು ಕೇಳುತ್ತೇವೆ. ಇವೆರಡರ ನಡುವೆ ಗೋಡೆಗೆ ಹಾಕುವ ಅಂಗೈಯಗಲದ ಡಬ್ಬಿಯನ್ನು ಮಾತ್ರ ಯಾರೂ ವಿಚಾರಿಸುವುದಿಲ್ಲ. ಅದಕ್ಕೆ ಚಾರ್ಜ್ ಕಂಟ್ರೋಲರ್ ಎನ್ನುವರು. ಅದರ ವಿಷಯವಾಗಿ ಒಕ್ಕಲು ಬಾಂಧವರಲ್ಲಿ ನಾಲ್ಕು ಮಾತು ಅರಿಕೆ ಮಾಡಿಕೊಳ್ಳಬೇಕೆಂದು ಈ ಬರೆಹ.

ನಮ್ಮ ಜತ್ತ, ಅಕ್ಕಲಕೋಟ ಭಾಗದಲ್ಲಿ ಅನೇಕರ ಸಂಸಾರ ಊರೊಳಗಿಲ್ಲ, ಹೊಲದ ವಸ್ತಿಯಲ್ಲಿದೆ. ಬಿಸಿಲಿಗೆ ನಮ್ಮಲ್ಲಿ ಬರವಿಲ್ಲ. ಬರವಿರುವುದು ಮಳೆಗೆ, ಕರೆಂಟಿಗೆ. ರಾತ್ರಿ ದನ ನೋಡಬೇಕು, ನೀರು ಕಟ್ಟಬೇಕು, ಮಕ್ಕಳು ಓದಬೇಕು. ಹಾವು ಚೇಳುಗಳ ಭಯ ಬೇರೆ. ಇಂಥಲ್ಲಿ ದೀಪವೆಂಬುದು ಚೈನಿಯಲ್ಲ, ಜೀವದ ಮಾತು.

ಡಬ್ಬಿಯ ಕೆಲಸವನ್ನು ಹೀಗೆ ತಿಳಿಯಬಹುದು. ಪ್ಲೇಟು ಬಾವಿ, ಬ್ಯಾಟರಿ ಹೊಲದ ಮಡಿ, ಕಂಟ್ರೋಲರು ನೀರು ಕಟ್ಟುವ ಆಳು. 12 ವೋಲ್ಟಿನ ಬ್ಯಾಟರಿಗೆಂದು ಮಾಡಿದ ಪ್ಲೇಟು ಬಿಸಿಲಿನಲ್ಲಿ 17-18 ವೋಲ್ಟು ಕೊಡುತ್ತದೆ. ತಂತಿ ಜೋಡಿಸದೆ ಬಿಟ್ಟರೆ 21ನ್ನೂ ದಾಟುತ್ತದೆ. ನೀರು ಹಾಕುವ ಬ್ಯಾಟರಿಗೋ ಸುಮಾರು 14.4 ಸಾಕು. ಅದು ತುಂಬಿದ ಮೇಲೆ ಹರಿವನ್ನು ತಗ್ಗಿಸುವುದು, ರಾತ್ರಿ ಬ್ಯಾಟರಿ 11 ವೋಲ್ಟಿನ ಹತ್ತಿರ ಇಳಿದಾಗ ದೀಪವನ್ನು ತಾನೇ ಕಡಿದುಹಾಕುವುದು, ಪ್ಲೇಟಿನ ಕಡೆಗೆ ಕರೆಂಟು ಹಿಂದೆ ಹರಿಯದಂತೆ ತಡೆಯುವುದು, ಇವೆಲ್ಲ ಅದರ ಕೆಲಸ. ಆಳು ನಿದ್ದೆ ಹೋದರೆ ಮಡಿ ಒಡೆಯುತ್ತದೆ, ಇಲ್ಲವೇ ಒಣಗುತ್ತದೆ.

ನನ್ನ ಸಂಗತಿಯನ್ನೇ ಹೇಳುತ್ತೇನೆ. 2022ರ ಯುಗಾದಿಗೆ ವಸ್ತಿಗೆ ಸೌರದೀಪ ಹಾಕಿಸಿದೆ. ಪ್ಲೇಟಿಗೆ 25 ವರ್ಷ, ಬ್ಯಾಟರಿಗೆ 5 ವರ್ಷ ಹೊಣೆ ಎಂದು ಅಂಗಡಿಯವರು ಹೇಳಿದರು. ಡಬ್ಬಿಗೆ ಎಷ್ಟು ಎಂದು ನಾನು ಕೇಳಲಿಲ್ಲ, ಅವರು ಹೇಳಲೂ ಇಲ್ಲ. ಹದಿನಾಲ್ಕು ತಿಂಗಳು ತುಂಬಿ, 2023ರ ಕಾರಹುಣ್ಣಿಮೆಯ ಮಗ್ಗಲು, ಡಬ್ಬಿಯ ಕೆಂಪು ದೀಪ ಹತ್ತಿ ಆರಿ, ಹತ್ತಿ ಆರಿ, ಕೊನೆಗೆ ಸುಮ್ಮನಾಯಿತು. ಚೀಟಿ ಹುಡುಕಿ ಓದಿಸಿದರೆ ಅದರ ಹೊಣೆ ಬರೀ 12 ತಿಂಗಳದು!

ಅಂಗಡಿಗೆ ಹೋದೆ. 'ಕಂಪನಿಗೆ ಫೋನು ಮಾಡಿರಿ' ಎಂದರು. ಕಂಪನಿಗೆ ಫೋನು ಮಾಡಿದೆ. 'ಅಂಗಡಿಯವರನ್ನೇ ಕೇಳಿರಿ' ಎಂದರು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು. ಅಷ್ಟು ಮಾತು ಸಿಕ್ಕುವುದಕ್ಕೂ ಎಷ್ಟು ಪಾಡು! ಒಂದನ್ನು ಒತ್ತಿರಿ, ಎರಡನ್ನು ಒತ್ತಿರಿ ಎಂದು ಹಿಂದಿ ಇಂಗ್ಲಿಷಿನಲ್ಲಿ ಹೇಳುವ ಧ್ವನಿ. ನನ್ನ ಮರಾಠಿಯೋ ಸಂತೆಯ ಮರಾಠಿ. ಜೋಳದ ಧಾರಣೆ ಕೇಳಲು ಸಾಕು, ಕಂಟ್ರೋಲರಿನ ರೋಗ ವಿವರಿಸಲು ಸಾಲದು. ಕೊನೆಗೆ ಹಣ ಕಟ್ಟಿ ದುರಸ್ತಿಗೆ ಕಳಿಸಿದೆ. ನಾಲ್ವತ್ತು ದಿನಕ್ಕೆ ಡಬ್ಬಿ ಮರಳಿ ಬಂತು, 'ದೋಷ ಕಂಡುಬಂದಿಲ್ಲ' ಎಂಬ ಚೀಟಿಯೊಡನೆ. ಗೋಡೆಗೆ ಹಾಕಿದರೆ ಮೊದಲಿನದೇ ಕತ್ತಲೆ.

ಇಷ್ಟರಲ್ಲಿ ನಾನೂ ಒಂದು ತಪ್ಪು ಮಾಡಿದ್ದೆ; ಅದನ್ನು ಮುಚ್ಚಿಡುವುದು ತರವಲ್ಲ. ಡಬ್ಬಿ ಬರುವವರೆಗೆ ಎಂದು ಪ್ಲೇಟಿನ ತಂತಿಯನ್ನು ನೇರವಾಗಿ ಬ್ಯಾಟರಿಗೆ ಜೋಡಿಸಿದೆ. ಮೊದಲ ಕೆಲವು ದಿನ ಬೆಳಕು ಚೆನ್ನಾಗಿಯೇ ಇತ್ತು. ತಿಂಗಳು ತುಂಬುವುದರೊಳಗೆ ಬ್ಯಾಟರಿ ಕುದಿದು ನೀರು ಆರಿತು. 900 ರೂಪಾಯಿಯ ಡಬ್ಬಿಯ ದೆಸೆಯಿಂದ 14,000 ರೂಪಾಯಿಯ ಬ್ಯಾಟರಿ ಮಣ್ಣುಪಾಲಾಯಿತು. ಆ ಕತ್ತಲೆಯ ದಿನಗಳಲ್ಲೇ ಒಂದು ರಾತ್ರಿ, ಆಕಳು ಒದರಿತೆಂದು ಎದ್ದುಹೋದ ನಮ್ಮ ಅವ್ವ ಕೊಟ್ಟಿಗೆಯ ಹೊಸ್ತಿಲು ಎಡವಿ ಬಿದ್ದಳು. ಬಲಗೈ ಮುರಿಯಿತು. ಆ ಕೈಯಿಂದ ಅವಳು ಇಂದಿಗೂ ರೊಟ್ಟಿ ಬಡಿಯಲಾರಳು. ಬ್ಯಾಟರಿಯ ಲೆಕ್ಕ ಬರೆಯಬಹುದು, ಇದರ ಲೆಕ್ಕವನ್ನು ಯಾವ ಪುಸ್ತಕದಲ್ಲಿ ಬರೆಯೋಣ?

'ಕೆಟ್ಟರೆ ಒಗೆದು ಇನ್ನೊಂದು ಅಗ್ಗದ ಡಬ್ಬಿ ತಂದರಾಯಿತು' ಎಂದು ಕೆಲವರು ಹೇಳುವರು. ಈ ಮಾತು ನನಗೆ ಒಪ್ಪಿಗೆಯಿಲ್ಲ. ಅಗ್ಗದ ಡಬ್ಬಿ ತಾನೊಂದೇ ಸಾಯುವುದಿಲ್ಲ, ಸಾಯುವಾಗ ಬ್ಯಾಟರಿಯನ್ನೂ ಕರೆದುಕೊಂಡು ಹೋಗುತ್ತದೆ.

ಡಬ್ಬಿ ಬೇಗ ಕೆಡಲು ಒಂದು ದೊಡ್ಡ ಕಾರಣ ಕಾವು. ಅದರೊಳಗಿನ ಕೆಪ್ಯಾಸಿಟರುಗಳ ಆಯುಷ್ಯ ಕಾವು 10 ಡಿಗ್ರಿ ಏರಿದಂತೆ ಸುಮಾರು ಅರ್ಧಕ್ಕೆ ಇಳಿಯುತ್ತದೆ. ಪತ್ರಾಸಿನ ಮಾಡಿನ ಕೆಳಗೆ, ಒಲೆಯ ಮಗ್ಗುಲಿಗೆ, ಬಟ್ಟೆಯ ಗೂಟದ ಹಿಂದೆ ಅದನ್ನು ಹಾಕಿದವರು ನಾವೇ. ಇದಕ್ಕೆ ಕಂಪನಿಯನ್ನು ಬಯ್ದು ಫಲವಿಲ್ಲ. ಇನ್ನೊಂದು ಕಾರಣ ಮಾತ್ರ ಶುದ್ಧ ಮೋಸ. ಕಂಟ್ರೋಲರಿನಲ್ಲಿ ಪಿ.ಡಬ್ಲ್ಯು.ಎಂ. ಎಂದೂ ಎಂ.ಪಿ.ಪಿ.ಟಿ. ಎಂದೂ ಎರಡು ಜಾತಿ. ಎರಡನೆಯದಕ್ಕೆ ಬೆಲೆ ಹೆಚ್ಚು. ಒಳಗೆ ಮೊದಲನೆಯದನ್ನೇ ಇಟ್ಟು ಹೊರಗೆ ಎರಡನೆಯದರ ಹೆಸರು ಅಚ್ಚು ಹಾಕಿದ ಡಬ್ಬಿಗಳು ಪೇಟೆಯಲ್ಲಿ ಬೇಕಾದಷ್ಟಿವೆ. ನಿಜವಾದ ಎಂ.ಪಿ.ಪಿ.ಟಿ.ಯಲ್ಲಿ ತಾಮ್ರದ ಸುರುಳಿ ಇರುವುದರಿಂದ ಅದು ಕೈಗೆ ಭಾರ ಬರುತ್ತದೆ. 12 ವೋಲ್ಟಿನ ಸಣ್ಣ ಪ್ಲೇಟಿಗೆ ಒಳ್ಳೆಯ ಪಿ.ಡಬ್ಲ್ಯು.ಎಂ. ಸಾಕು. ಆದರೆ 30 ವೋಲ್ಟು ಕೊಡುವ ದೊಡ್ಡ ಪ್ಲೇಟನ್ನು ಅದರ ಮೂಲಕ 12 ವೋಲ್ಟಿನ ಬ್ಯಾಟರಿಗೆ ಕಟ್ಟಿದರೆ ಅರ್ಧಕ್ಕಿಂತ ಹೆಚ್ಚು ಶಕ್ತಿ ವ್ಯರ್ಥವಾಗುವುದು.

ಆದುದರಿಂದ ಕೊಳ್ಳುವಾಗ ಮೊದಲು ಕೇಳತಕ್ಕದ್ದು ಬೆಲೆಯನ್ನಲ್ಲ. ಡಬ್ಬಿಗೆ ಬೇರೆಯಾಗಿ ಎಷ್ಟು ವರ್ಷದ ಹೊಣೆ? ಕೆಟ್ಟರೆ ಬದಲು ಕೊಡುವವರು ಯಾರು, ಎಷ್ಟು ದಿನದಲ್ಲಿ? ಅಲ್ಲಿಯವರೆಗೆ ಬೇರೊಂದು ಡಬ್ಬಿ ಕೊಡುವರೇ? ಇದನ್ನೆಲ್ಲ ಬಿಲ್ಲಿನ ಮೇಲೆ ಬರೆಸಿಕೊಳ್ಳಿರಿ. ಬರೆದು ಕೊಡಲು ಒಪ್ಪದ ಅಂಗಡಿಯ ಮೆಟ್ಟಿಲು ಇಳಿದು ಬನ್ನಿರಿ. ಜೋಡಿಸುವಾಗ ಮೊದಲು ಬ್ಯಾಟರಿ, ಆಮೇಲೆ ಪ್ಲೇಟು, ಕೊನೆಗೆ ದೀಪ. ಬಿಚ್ಚುವಾಗ ಇದರ ತಿರುವುಮುರುವು. ಲಿಥಿಯಂ ಬ್ಯಾಟರಿ ಇದ್ದರೆ ಡಬ್ಬಿಯಲ್ಲಿಯೂ ಅದಕ್ಕೆ ತಕ್ಕ ಏರ್ಪಾಡು ಇದೆಯೇ ಎಂದು ನೋಡಿರಿ.

ಇಷ್ಟಾದರೂ ಮೋಸವಾದರೆ ಕೈಕಟ್ಟಿ ಕೂಡ್ರಬೇಕಾಗಿಲ್ಲ. 2019ರ ಗ್ರಾಹಕ ಸಂರಕ್ಷಣಾ ಕಾಯಿದೆ 2020ರ ಜುಲೈಯಿಂದ ಜಾರಿಯಲ್ಲಿದೆ. ಕಂಪನಿ ದಿಲ್ಲಿಯದಿರಲಿ ಮುಂಬಯಿಯದಿರಲಿ, ನಾವು ವಾಸಿಸುವ ಜಿಲ್ಲೆಯ ಗ್ರಾಹಕ ಆಯೋಗದಲ್ಲಿಯೇ ದೂರು ಕೊಡಬಹುದು. 5 ಲಕ್ಷ ರೂಪಾಯಿಯವರೆಗಿನ ಸರಕಿಗೆ ಶುಲ್ಕವಿಲ್ಲ. ಎರಡು ವರ್ಷದೊಳಗೆ ದೂರು ಸಲ್ಲಿಸಬೇಕು. ಬಿಲ್ಲು ಕೊಡದೆ ಇರುವುದೂ ಈ ಕಾಯಿದೆಯಲ್ಲಿ ಅನುಚಿತ ವ್ಯಾಪಾರವೇ. ಅದಕ್ಕೂ ಮೊದಲು 1915 ಎಂಬ ರಾಷ್ಟ್ರೀಯ ಗ್ರಾಹಕ ಸಹಾಯವಾಣಿಗೆ ಫೋನು ಮಾಡಬಹುದು. ಅಲ್ಲಿ ಕನ್ನಡದಲ್ಲಿಯೂ ದೂರು ಹೇಳಿಕೊಳ್ಳಲು ಅವಕಾಶವಿದೆ. ಗಡಿಯಾಚೆಯ ನಮಗೆ ಇದು ಸಣ್ಣ ಅನುಕೂಲವಲ್ಲ.

ಆದರೆ ಕಾಯಿದೆಯಿಂದ ಹಣ ಬರಬಹುದು, ಅಂದಿನ ರಾತ್ರಿಯ ದೀಪ ಹತ್ತುವುದಿಲ್ಲ. ದೀಪ ಹತ್ತಬೇಕಾದರೆ ದುರಸ್ತಿ ಮಾಡುವ ಕೈ ಊರಲ್ಲೇ ಇರಬೇಕು. 1995ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಸೆಲ್ಕೋ ಸಂಸ್ಥೆ ಬಡವರ ಮನೆಗೆ ಸೌರದೀಪ ಹಾಕುವುದರೊಡನೆ ಬಾಗಿಲಿಗೆ ಬಂದು ದುರಸ್ತಿ ಮಾಡುವ ಪದ್ಧತಿಯನ್ನೂ ಬೆಳೆಸಿತು. ಅದನ್ನು ಕಟ್ಟಿದ ಹರೀಶ್ ಹಂದೆಯವರಿಗೆ 2011ರಲ್ಲಿ ಮ್ಯಾಗ್ಸೆಸೆ ಪ್ರಶಸ್ತಿ ಬಂದಿತು. ರಾಜಸ್ಥಾನದ ತಿಲೋನಿಯಾ ಗ್ರಾಮದ ಬೇರ್‌ಫುಟ್ ಕಾಲೇಜಿನಲ್ಲಿ ಅಕ್ಷರ ಬಾರದ ಹಳ್ಳಿಯ ಹೆಂಗಸರೇ ಬಣ್ಣದ ಗುರುತು ಹಿಡಿದು ಈ ಕಂಟ್ರೋಲರುಗಳನ್ನು ಜೋಡಿಸಲು, ರಿಪೇರಿ ಮಾಡಲು ಕಲಿತಿದ್ದಾರೆ. ಅವರಿಗೆ ಸಾಧ್ಯವಾದುದು ಐ.ಟಿ.ಐ. ಓದಿ ಕಟ್ಟೆಯ ಮೇಲೆ ಕುಳಿತ ನಮ್ಮ ಹುಡುಗರಿಗೆ ಅಸಾಧ್ಯವೇ?

ನನ್ನ ಸೂಚನೆ ಇಷ್ಟೇ. ಒಂದೊಂದು ಊರಿನ ಹತ್ತಿಪ್ಪತ್ತು ವಸ್ತಿಯವರು ಕೂಡಿ ಒಂದೇ ತಯಾರಿಕೆಯ ಡಬ್ಬಿ ಕೊಳ್ಳಲಿ. ಎಲ್ಲರೂ ವಂತಿಗೆ ಹಾಕಿ ಎರಡು ಹೆಚ್ಚಿನ ಡಬ್ಬಿ, ಒಂದು ಮೀಟರು, ಕೆಲವು ಫ್ಯೂಜುಗಳನ್ನು ಸಹಕಾರಿ ಸಂಘದಲ್ಲೋ ನಂಬಿಕೆಯ ಕಿರಾಣಿ ಅಂಗಡಿಯಲ್ಲೋ ಇಡಲಿ. ಒಬ್ಬ ಹುಡುಗನನ್ನೋ ಹುಡುಗಿಯನ್ನೋ ಈ ಕೆಲಸ ಕಲಿಯಲು ಕಳಿಸಲಿ. ಇಪ್ಪತ್ತು ಮನೆಯವರು ಒಟ್ಟಿಗೆ ಕೊಂಡರೆ ಅಂಗಡಿಯವನೂ ಮಾತಿಗೆ ಬಗ್ಗುವನು. ಒಬ್ಬನ ಫೋನನ್ನು ಕಡಿಯುವ ಕಂಪನಿ ಇಪ್ಪತ್ತು ಸಹಿಯ ಕಾಗದವನ್ನು ಹಾಗೆ ಒಗೆಯಲಾರದು.

ಮನೆಗೆ ಬೆಂಕಿ ಬಿದ್ದಾಗ ಬಾವಿ ತೋಡುವ ಕೆಲಸವನ್ನು ನಾನು ಮಾಡಿದೆ, ಅದರ ಫಲವನ್ನು ನನ್ನ ಅವ್ವ ಉಂಡಳು. ಈಗ ನಮ್ಮ ಕೊಟ್ಟಿಗೆಯ ಗೋಡೆಗೆ ಒಳ್ಳೆಯದೊಂದು ಡಬ್ಬಿ ಇದೆ, ಗೂಡಿನಲ್ಲಿ ಇನ್ನೊಂದು ಕಟ್ಟಿಟ್ಟಿದೆ. ವಾಚಕರು ಈ ಸುಗ್ಗಿಯ ಹಣ ಕೈಗೆ ಬಂದಾಗ ಪ್ಲೇಟಿನ ಹೊಳಪಿಗಿಂತ ಮೊದಲು ಡಬ್ಬಿಯ ಹಲ್ಲು ನೋಡಬೇಕೆಂದು ನನ್ನ ಬಿನ್ನಹ.

— ಜತ್ತ ತಾಲೂಕಿನ ಒಬ್ಬ ಒಕ್ಕಲುಮಗ