ಸುಸ್ತಾದಲ್ಲೇ ತಂಗುವುದಂತೆ!

ಇಂಗ್ಲೆಂಡಿನ ಸೌತ್ ವೆಸ್ಟ್ ಕೋಸ್ಟ್ ಪಾತ್ ಎಂಬ ಕಡಲ ದಂಡೆಯ ಕಾಲುದಾರಿಯ ಬಗ್ಗೆ ಕಳೆದ ಸಂಚಿಕೆಯಲ್ಲಿ ಬರೆದವರು, ರೂಮು ಮೊದಲೇ ಕಾದಿರಿಸಿದರೆ ನಡಿಗೆಯ ಸುಖವೇ ಹೋಯಿತು, ಸುಸ್ತಾದಲ್ಲಿ ಟೆಂಟ್ ಹಾಕಿ ಎಂದು ಉಪದೇಶಿಸಿದ್ದಾರೆ. ಓದಲು ಚೆಂದ. ಆದರೆ ಅಲ್ಲಿ ಜಮೀನಿನ ಒಡೆಯರನ್ನು ಕೇಳದೆ ಟೆಂಟ್ ಹಾಕುವ ಹಕ್ಕಿಲ್ಲ. 2025ರ ಮೇ ತಿಂಗಳಲ್ಲಿ ಅಲ್ಲಿನ ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದು ಡಾರ್ಟ್‌ಮೂರ್‌ನ ಬಯಲಿಗಷ್ಟೇ ಸೇರಿದ ಹಕ್ಕು, ಕಡಲ ದಂಡೆಯದ್ದಲ್ಲ.

630 ಮೈಲಿಯ ಈ ದಾರಿಯಲ್ಲಿ ರಾತ್ರಿಯ ತಾಣವನ್ನು ಎಷ್ಟೋ ಸಲ ನಿರ್ಧರಿಸುವುದು ನೀರು. ಡೆವನ್‌ನ ಅರ್ಮ್ ನದಿಗೆ ದೋಣಿಯಿಲ್ಲ, ದಾರಿಯ ಮೇಲೆ ಸೇತುವೆಯೂ ಇಲ್ಲ. ಕಡಲಿನ ಇಳಿತದ ಆಚೆಈಚೆ ಒಂದೊಂದು ಗಂಟೆ ಮಾತ್ರ ಶೂ ಕೊರಳಿಗೆ ನೇತುಹಾಕಿ, ಪ್ಯಾಂಟು ಮೇಲಕ್ಕೆ ಮಡಚಿ, ತಣ್ಣನೆಯ ಮರಳಿನ ಮೇಲೆ ತಡವುತ್ತಾ ದಾಟಬಹುದು. ತಪ್ಪಿದರೆ ರಸ್ತೆಯಲ್ಲಿ ಮೈಲಿಗಟ್ಟಲೆ ಸುತ್ತು. ಇಳಿತ ಬೆಳಗ್ಗೆ ಹತ್ತಕ್ಕಿದ್ದರೆ ಹಿಂದಿನ ರಾತ್ರಿ ಹತ್ತಿರದಲ್ಲೇ ತಂಗಬೇಕು. ಸಂಜೆ ನಾಲ್ಕಕ್ಕಿದ್ದರೆ ಅದಕ್ಕೂ ಹಿಂದಿನ ನೊಸ್ ಮೇಯೊ ಹಳ್ಳಿಯಲ್ಲಿ ತಿಂಡಿ ತಿಂದೇ ಹೊರಡಬಹುದು. ಆ ಹೊತ್ತೂ ದಿನಕ್ಕೆ ಸುಮಾರು ಐವತ್ತು ನಿಮಿಷ ಮುಂದೆ ಸರಿಯುತ್ತದೆ. ಇದಕ್ಕೂ ಮುಂಚೆ ಯಾಮ್ ನದಿಯ ದೋಣಿ ಬೇರೆ, ಅದು ವರ್ಷವಿಡೀ ಓಡುವುದಿಲ್ಲ.

ಆಗಸ್ಟ್‌ನಲ್ಲಿ ಒಂದೇ ರಾತ್ರಿಗೆ ರೂಮು ಕೊಡಲು ಹಲವರು ಒಪ್ಪುವುದಿಲ್ಲ ಎಂಬ ಅವರ ದೂರು ನಿಜ. ಅದಕ್ಕೆ ಉಪಾಯ ಟೆಂಟಲ್ಲ, ಬಸ್ಸು! ಒಂದೇ ಊರಲ್ಲಿ ಎರಡು ರಾತ್ರಿ ಹಿಡಿಯಿರಿ, ನಡೆದು ಮುಗಿಸಿ ಬಸ್ಸಲ್ಲಿ ಹಿಂದಿರುಗಿ, ಮರುದಿನ ಬಿಟ್ಟಲ್ಲಿಂದ ಶುರುಮಾಡಿ. ಬೆನ್ನಿನ ಚೀಲವೂ ರೂಮಲ್ಲೇ ಉಳಿಯುತ್ತದೆ. ಹೊರಡುವ ಮುನ್ನ ಕೊನೆಯ ಬಸ್ಸಿನ ಹೊತ್ತು ನೋಡಿಕೊಳ್ಳಿ, ಭಾನುವಾರದ್ದನ್ನಂತೂ ಎರಡು ಸಲ.