ಆಸ್ಪತ್ರೆ ನಡೆಸುವುದೂ ಓದಿ ಕಲಿಯಬೇಕಾದ ವಿದ್ಯೆ

ಪುಲಿಕೇಶಿನಗರ ಹುಟ್ಟಿದ್ದೇ ಒಂದು ಸಾಂಕ್ರಾಮಿಕದ ಬೆನ್ನಿಗೆ. 1898ರಲ್ಲಿ ಬೆಂಗಳೂರಿಗೆ ಪ್ಲೇಗ್ ಬಡಿದಾಗ ಆ ರೋಗಕ್ಕೆ ಖಚಿತವಾದ ಮದ್ದು ಯಾವ ವೈದ್ಯರ ಬಳಿಯೂ ಇರಲಿಲ್ಲ. ಮಾಡಲು ಸಾಧ್ಯವಿದ್ದದ್ದು ಆಡಳಿತದ ಕೆಲಸ: ದಂಡು ಪ್ರದೇಶದ ಇಕ್ಕಟ್ಟಾದ ಕೇರಿಗಳ ದಟ್ಟಣೆ ತಗ್ಗಿಸುವುದು, ಗಾಳಿ ಬೆಳಕು ಬರುವ, ಇಲಿ ಸೇರದ ಮನೆ ಕಟ್ಟಿಸುವುದು, ಚರಂಡಿ ತೆಗೆಸುವುದು. ಹಾಗೆ ಎದ್ದ ಬಡಾವಣೆಗೆ ಮೈಸೂರಿನ ಬ್ರಿಟಿಷ್ ರೆಸಿಡೆಂಟ್ ಸ್ಟುವರ್ಟ್ ಫ್ರೇಜರ್ ಹೆಸರಿಟ್ಟು ಆಗ ಫ್ರೇಜರ್ ಟೌನ್ ಎಂದರು. ಜೀವ ಉಳಿಸುವುದರಲ್ಲಿ ವೈದ್ಯರ ಕೈಗುಣದಷ್ಟೇ ವ್ಯವಸ್ಥೆ ನಡೆಸುವವರ ಪಾಲೂ ಇದೆಯೆಂದು ನೂರಿಪ್ಪತ್ತು ವರ್ಷಗಳ ಹಿಂದೆಯೇ ಕಂಡುಕೊಂಡ ಊರಿದು. ಹಾಗಿದ್ದೂ ನಮ್ಮ ಸರ್ಕಾರಿ ಆಸ್ಪತ್ರೆಗಳ ಮುಖ್ಯಸ್ಥರನ್ನು ಆರಿಸುವಾಗ ಬಹುಮಟ್ಟಿಗೆ ಸೇವಾ ಹಿರಿತನವನ್ನಷ್ಟೇ ನೋಡುತ್ತೇವೆ. ಆಸ್ಪತ್ರೆಯ ಹೊಣೆ ಹೊರುವವರಿಗೆ ಆರೋಗ್ಯ ನಿರ್ವಹಣೆಯಲ್ಲಿ ಸ್ನಾತಕೋತ್ತರ ಓದು ಕಡ್ಡಾಯವಾಗಬೇಕು, ಆ ಓದು ಸರ್ಕಾರಿ ಆಸ್ಪತ್ರೆಯ ಒಳಗೇ ದಕ್ಕಬೇಕು.

ವೈದ್ಯಾಧೀಕ್ಷಕರ ಮೇಜಿನ ಮೇಲೆ ಒಂದು ಬೆಳಿಗ್ಗೆ ಏನೆಲ್ಲ ಬಂದು ಬೀಳುತ್ತದೆ ನೋಡಿ. ಔಷಧ ಉಗ್ರಾಣದ ಇಂಡೆಂಟಿಗೆ ಸಹಿ ಬೇಕು. ಯಾವ ಬ್ಯಾಚಿನ ಅವಧಿ ಮುಂದಿನ ತಿಂಗಳಿಗೆ ಮುಗಿಯುತ್ತದೆ, ಯಾವುದನ್ನು ಮೊದಲು ವಾರ್ಡಿಗೆ ಕೊಡಬೇಕು ಎಂದು ತಿಳಿದಿರಬೇಕು. ಆಮ್ಲಜನಕ ಘಟಕದ ಒತ್ತಡ ಇಳಿದಿದೆ. ಹೊರಗುತ್ತಿಗೆ ನೌಕರರ ಸಂಬಳ ತಡವಾಗಿದೆ. ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕದ ಬಿಲ್ಲುಗಳು ದಾಖಲೆ ಸಾಲದೆ ವಾಪಸ್ಸಾಗಿವೆ. ಆರೋಗ್ಯ ರಕ್ಷಾ ಸಮಿತಿಯ ಲೆಕ್ಕ ಒಪ್ಪಿಸಬೇಕು. ಹೊರಗೆ ರೋಗಿ ಒಪಿಡಿ ಚೀಟಿಗೆ ಒಂದು ಸಾಲು, ವೈದ್ಯರಿಗೆ ಇನ್ನೊಂದು, ರಕ್ತ ಕೊಡಲು ಮೂರನೆಯದು, ಮಾತ್ರೆಗೆ ನಾಲ್ಕನೆಯದು ಎಂದು ನಿಂತು, ರಿಪೋರ್ಟಿಗಾಗಿ ಮತ್ತೊಂದು ದಿನದ ಕೂಲಿ ಕಳೆದುಕೊಂಡು ಬರುತ್ತಾನೆ. ಇವುಗಳಲ್ಲಿ ಒಂದನ್ನೂ ಎಂಬಿಬಿಎಸ್ಸಿನಲ್ಲಾಗಲಿ ಎಂಎಸ್‌ನಲ್ಲಾಗಲಿ ಒಂದು ವಿದ್ಯೆಯಾಗಿ ಹೇಳಿಕೊಡುವುದಿಲ್ಲ. ಮೂವತ್ತು ವರ್ಷ ಕಣ್ಣಿನ ಶಸ್ತ್ರಚಿಕಿತ್ಸೆ ಮಾಡಿದ ನುರಿತ ವೈದ್ಯರೊಬ್ಬರು ಒಂದು ಸೋಮವಾರ ಇದೆಲ್ಲದರ ಯಜಮಾನರಾಗುತ್ತಾರೆ. ಆ ಕುರ್ಚಿಗೆ ಬೇಕಾದ ಪಾಠವನ್ನು ಯಾರೂ ಅವರಿಗೆ ಹೇಳಿರುವುದಿಲ್ಲ.

ಈ ಕೊರತೆಗೆ ಜನ ತೆತ್ತ ಬೆಲೆ ನಮ್ಮ ಕಣ್ಣೆದುರಿಗಿದೆ. 2021ರ ಮೇ 2 ಮತ್ತು 3ರ ನಡುವೆ, ಆಮ್ಲಜನಕದ ಕೊರತೆಯಾದಾಗ, ಚಾಮರಾಜನಗರದ ಜಿಲ್ಲಾ ಆಸ್ಪತ್ರೆಯಲ್ಲಿ ಮೊದಲ ಸರ್ಕಾರಿ ಲೆಕ್ಕದಂತೆಯೇ 24 ಮಂದಿ ಸತ್ತರು. ಅಲ್ಲಿ ತಪ್ಪಿದ್ದು ದಾಸ್ತಾನಿನ ಲೆಕ್ಕ: ಗಂಟೆಗೆ ಎಷ್ಟು ಆಮ್ಲಜನಕ ಖರ್ಚಾಗುತ್ತಿದೆ, ಉಳಿದದ್ದು ಎಷ್ಟು ಹೊತ್ತಿಗೆ ಸಾಕು, ಮೈಸೂರಿನಿಂದ ಸಿಲಿಂಡರ್ ತರಲು ಎಷ್ಟು ಸಮಯ ಬೇಕು ಎಂಬುದನ್ನು ಮೊದಲೇ ಕೂಡಿಸಿ ನೋಡಬೇಕಿತ್ತು. 2024ರ ನವೆಂಬರಿನಲ್ಲಿ ಬಳ್ಳಾರಿಯಲ್ಲಿ ಸಿಸೇರಿಯನ್ ಆದ ಬಾಣಂತಿಯರು ಒಬ್ಬರ ಹಿಂದೊಬ್ಬರು ತೀರಿಕೊಂಡು, ಅವರಿಗೆ ಕೊಟ್ಟ ಐವಿ ದ್ರಾವಣದ ಮೇಲೆ ಶಂಕೆ ಮೂಡಿದಾಗಲೂ ಚರ್ಚೆ ಬಂದು ನಿಂತದ್ದು ಖರೀದಿ, ಗುಣಮಟ್ಟ ಪರೀಕ್ಷೆ, ಬ್ಯಾಚನ್ನು ತಡೆಹಿಡಿಯುವ ಅಧಿಕಾರ ಇವುಗಳ ಮೇಲೆ. ವೈದ್ಯರೇ ಸಾಲದಿರುವಾಗ ಮ್ಯಾನೇಜರುಗಳಿಗೇಕೆ ದುಡ್ಡು ಎಂದು ಕೇಳುವವರು ಈ ಎರಡು ಊರುಗಳನ್ನು ನೆನೆಯಬೇಕು. ವೈದ್ಯರು, ದಾದಿಯರು ಇನ್ನಷ್ಟು ಬೇಕು, ನಿಜ. ಇದ್ದವರ ದುಡಿಮೆ ರೋಗಿಗೆ ತಲುಪದಂತೆ ಮಾಡುವ ಅವ್ಯವಸ್ಥೆ ಮಾತ್ರ ಹೊಸ ನೇಮಕಾತಿಯೊಂದರಿಂದಲೇ ಹೋಗುವುದಿಲ್ಲ.

ಇಂಥ ಓದಿನಿಂದ ರೋಗಿಗೆ ನಿಜಕ್ಕೂ ಲಾಭವಿದೆಯೇ? ಶಿಕಾಗೊ ವಿಶ್ವವಿದ್ಯಾಲಯ 1934ರಲ್ಲೇ ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಕೋರ್ಸ್ ತೆರೆದಿದ್ದರೂ ಈ ಪ್ರಶ್ನೆಗೆ ಅಂಕಿಅಂಶದ ಉತ್ತರ ಸಿಕ್ಕಿದ್ದು ಈಚೆಗೆ. ಅರ್ಥಶಾಸ್ತ್ರಜ್ಞ ನಿಕೋಲಸ್ ಬ್ಲೂಮ್ ಮತ್ತು ಸಂಗಡಿಗರು ಭಾರತವೂ ಸೇರಿ ಒಂಬತ್ತು ದೇಶಗಳ ಸುಮಾರು 2,000 ಆಸ್ಪತ್ರೆಗಳನ್ನು ಅಳೆದು ನೋಡಿದರು. ನಿರ್ವಹಣೆ ಚೆನ್ನಾಗಿದ್ದ ಕಡೆ ಹೃದಯಾಘಾತದ ರೋಗಿಗಳ ಸಾವು ಕಡಿಮೆಯಿತ್ತು. ವೈದ್ಯಕೀಯ ಮತ್ತು ನಿರ್ವಹಣೆ ಎರಡನ್ನೂ ಕಲಿಸುವ ವಿಶ್ವವಿದ್ಯಾಲಯಗಳಿಗೆ ಹತ್ತಿರವಿದ್ದ ಆಸ್ಪತ್ರೆಗಳ ನಿರ್ವಹಣೆಯೇ ಮೇಲಾಗಿತ್ತು. ಒಂದರ ಜೊತೆ ಇನ್ನೊಂದು ಕಂಡ ಮಾತ್ರಕ್ಕೆ ಅದೇ ಕಾರಣವೆನ್ನಲಾಗದು. ಆದರೂ ಈ ವಿದ್ಯೆ ವೈದ್ಯಕೀಯದ ಜೊತೆಗೂಡಿ ಕಲಿತಾಗ ಫಲ ಕೊಡುತ್ತದೆಂಬ ಸೂಚನೆ ಗಟ್ಟಿಯಾಗಿದೆ.

ಇನ್ನೂ ಗಂಭೀರವಾದ ಆಕ್ಷೇಪ ನಮ್ಮ ರಾಜ್ಯದೊಳಗಿಂದಲೇ ಬರುತ್ತದೆ. ಬೆಂಗಳೂರಿನ ಸಾರ್ವಜನಿಕ ಆರೋಗ್ಯ ಸಂಸ್ಥೆ ಮತ್ತು ಸಹಭಾಗಿಗಳು 2009ರ ಹೊತ್ತಿಗೆ ತುಮಕೂರು ಜಿಲ್ಲೆಯ ಆರೋಗ್ಯಾಧಿಕಾರಿಗಳಿಗೆ ತರಗತಿ, ಮಾರ್ಗದರ್ಶನ ಎರಡೂ ಸೇರಿದ ದೀರ್ಘ ತರಬೇತಿ ಕೊಟ್ಟರು. ಮುಂದೆ ಅದರ ಪರಿಣಾಮವನ್ನು ಪರಿಶೀಲಿಸಿದಾಗ ಎಲ್ಲ ತಾಲೂಕುಗಳಲ್ಲೂ ಒಂದೇ ಫಲ ಕಾಣಲಿಲ್ಲ. ಕಲಿತವರಿಗೆ ಉತ್ಸಾಹ, ಆತ್ಮವಿಶ್ವಾಸ, ಮೇಲಿನವರ ಬೆಂಬಲ ಇವೆಲ್ಲ ಕೂಡಿಬಂದಲ್ಲಿ ಕೆಲಸ ಬದಲಾಯಿತು, ಕೂಡಿಬರದ ಕಡೆ ಪಾಠ ಪುಸ್ತಕದಲ್ಲೇ ಉಳಿಯಿತು. ಓದಿನಿಂದಲೇ ಎಲ್ಲ ಸರಿಹೋಗುತ್ತದೆ ಎನ್ನುವವರಿಗೆ ಇದು ಎಚ್ಚರಿಕೆ, ನಾನೂ ಅದನ್ನು ಒಪ್ಪುತ್ತೇನೆ. ಅದಕ್ಕೇ ಪದವಿಗೂ ಹುದ್ದೆಗೂ ಗಂಟು ಹಾಕಬೇಕು. ತಮಿಳುನಾಡಿನಲ್ಲಿ ಸಾರ್ವಜನಿಕ ಆರೋಗ್ಯಕ್ಕೆ ಪ್ರತ್ಯೇಕ ನಿರ್ದೇಶನಾಲಯವೂ ವೃಂದವೂ ಬಹುಕಾಲದಿಂದ ಇವೆ. ಅಲ್ಲಿನ ಅಧಿಕಾರಿ ಆ ಶಾಸ್ತ್ರ ಓದಿಯೇ ಮೇಲೇರಬೇಕು. ಕೇಂದ್ರ ಸರ್ಕಾರವೂ 2022ರಲ್ಲಿ ರಾಜ್ಯಗಳಿಗೆ ಸಾರ್ವಜನಿಕ ಆರೋಗ್ಯ ಮತ್ತು ನಿರ್ವಹಣಾ ವೃಂದದ ಮಾರ್ಗಸೂಚಿ ಕೊಟ್ಟಿದೆ. ನಮ್ಮಲ್ಲಿ ರಾಜೀವ್ ಗಾಂಧಿ ಆರೋಗ್ಯ ವಿಜ್ಞಾನಗಳ ವಿಶ್ವವಿದ್ಯಾಲಯ ಆಸ್ಪತ್ರೆ ಆಡಳಿತದಲ್ಲಿ ಸ್ನಾತಕೋತ್ತರ ಪದವಿ ಕೊಡುತ್ತದೆ. ಆ ಪದವಿ ಹಿಡಿದು ಬಂದವರಿಗೆ ಸಹಜವಾಗಿ ತೆರೆದುಕೊಳ್ಳುವ ದಾರಿ ಖಾಸಗಿ ಆಸ್ಪತ್ರೆಗಳದ್ದು, ಅವರನ್ನು ದೂರಿ ಫಲವಿಲ್ಲ.

ಈ ಓದು ಬಂದರೆ ಸರ್ಕಾರಿ ಆಸ್ಪತ್ರೆಗೂ ಲಾಭದ ಲೆಕ್ಕಾಚಾರ ಹೊಕ್ಕೀತು ಎಂದು ಹೆದರುವವರೂ ಇದ್ದಾರೆ. ಆ ಭಯಕ್ಕೆ ಕಾರಣವಿದೆ. ಕಾರ್ಪೊರೇಟ್ ಆಸ್ಪತ್ರೆಯಲ್ಲಿ ತರಬೇತಾದವರು ಹಾಸಿಗೆಯನ್ನು ಆದಾಯವೆಂದೇ ಎಣಿಸುವುದನ್ನು ಕಲಿತಿರುತ್ತಾರೆ. ಹಾಗಾಗಿಯೇ ಈ ಪಾಠ ನಡೆಯಬೇಕಾದ ಜಾಗ ಶಿವಾಜಿನಗರದ ಬೌರಿಂಗ್ ಮತ್ತು ಲೇಡಿ ಕರ್ಜನ್ ಆಸ್ಪತ್ರೆ. ಅಲ್ಲಿ ಈಗ ಸರ್ಕಾರಿ ವೈದ್ಯಕೀಯ ಕಾಲೇಜಿದೆ. ಹತ್ತಿರದಲ್ಲೇ ಹೆರಿಗೆಗೆ ಹೆಸರಾದ ಘೋಷಾ ಆಸ್ಪತ್ರೆ, ಇಂದಿರಾನಗರದಲ್ಲಿ ಸರ್ ಸಿ.ವಿ. ರಾಮನ್ ಆಸ್ಪತ್ರೆ, ಅದರಾಚೆ ಕೆ.ಆರ್. ಪುರದ ಸಾರ್ವಜನಿಕ ಆಸ್ಪತ್ರೆ ಇವೆ. ಸೇವೆಯಲ್ಲಿರುವ ವೈದ್ಯರು ಮಾತ್ರವಲ್ಲ, ವಾರ್ಡಿನ ನಾಡಿ ಬಲ್ಲ ಹಿರಿಯ ಶುಶ್ರೂಷಾಧಿಕಾರಿಗಳೂ ಫಾರ್ಮಸಿ ಅಧಿಕಾರಿಗಳೂ ಸಂಬಳ ಸಹಿತ ಇಲ್ಲಿ ಎರಡು ವರ್ಷ ಓದಲಿ. ಘೋಷಾದಿಂದ ಬೌರಿಂಗಿಗೆ ಬಾಣಂತಿಯನ್ನು ಕಳಿಸಬೇಕಾದಾಗ ಎಲ್ಲೆಲ್ಲಿ ತಡವಾಗುತ್ತದೆ, ರಕ್ತದ ರಿಪೋರ್ಟನ್ನು ಅಂದೇ ಕೊಡಲು ಏನು ಬದಲಾಗಬೇಕು ಎಂಬುದೇ ಅವರ ಪ್ರಬಂಧದ ವಿಷಯವಾಗಲಿ. ಪಾಸಾದವರಿಗೆ ಕನಿಷ್ಠ ಐದು ವರ್ಷ ಒಂದೇ ಆಸ್ಪತ್ರೆಯ ಆಡಳಿತ ವಹಿಸಿ, ಖರೀದಿಯಲ್ಲಿ ಬೇಡವೆನಿಸಿದ ಬ್ಯಾಚನ್ನು ತಡೆಯುವ ಅಧಿಕಾರವನ್ನೂ ಕೊಡಬೇಕು. ಇದಕ್ಕೆ ಹೊಸ ಕಟ್ಟಡ ಬೇಕಿಲ್ಲ, ಆರೋಗ್ಯ ಮತ್ತು ವೈದ್ಯಕೀಯ ಶಿಕ್ಷಣ ಇಲಾಖೆಗಳು ಒಟ್ಟಿಗೆ ಕುಳಿತು ನೇಮಕಾತಿ ನಿಯಮ ತಿದ್ದಿದರೆ ಮುಂದಿನ ಶೈಕ್ಷಣಿಕ ವರ್ಷಕ್ಕೇ ಮೊದಲ ತಂಡವನ್ನು ಸೇರಿಸಿಕೊಳ್ಳಬಹುದು.